ಮಿಯುರಾ: ಗೆಲುವಿನ ಗುರುತೆಂದು ಕೊಳ್ಳುವವರು ಬಣ್ಣಕ್ಕಿಂತ ಮೊದಲು ಎಣ್ಣೆ ನೋಡಿ

ಗೇರುಬೀಜ

ದುಡ್ಡು ಕೈಗೆ ಬಂದ ಮೇಲೆ ಇಟಲಿಯ ಕಾರೊಂದು ಬೇಕು ಅನ್ನುವವರ ಪಟ್ಟಿಯಲ್ಲಿ ಲ್ಯಾಂಬೊರ್ಗಿನಿ ಮಿಯುರಾ ಯಾವಾಗಲೂ ಮೇಲಿನ ಸಾಲಿನಲ್ಲೇ ಇರುತ್ತದೆ. 1966ರಲ್ಲಿ ಶುರುವಾಗಿ 1973ಕ್ಕೆ ನಿಂತುಹೋಯಿತು. ಮೂರು ಮಾದರಿಗಳಲ್ಲಿ ತಯಾರಾದದ್ದು ಪಿ400 ಸುಮಾರು 275, ಪಿ400 ಎಸ್ 338, ಎಸ್‌ವಿ 150. ಒಟ್ಟು ಏಳುನೂರ ಅರವತ್ತರ ಆಸುಪಾಸು, ಅಷ್ಟೇ. ಒಳ್ಳೆಯ ಎಸ್‌ವಿಗಳು 20 ಲಕ್ಷ ಡಾಲರ್ ದಾಟಿ ಮಾರಾಟವಾಗಿವೆ.

ಕನ್ನಡದಲ್ಲಿ ಇದರ ಬಗ್ಗೆ ಬರುವುದೆಲ್ಲ "ಟ್ರ್ಯಾಕ್ಟರ್ ಮಾಡುವವ ಫೆರಾರಿಗೆ ಸೆಡ್ಡು ಹೊಡೆದ" ಅನ್ನುವ ಕಥೆ, ಇಲ್ಲವೇ ಚೆಂದದ ಫೋಟೊ. ಅದು ಬೇಡ. ಕಾರು ಬಲ್ಲವರು ಹೇಳಿ: ಕೊಳ್ಳುವ ಮೊದಲು ಏನು ನೋಡಬೇಕು? ಬೆಂಕಿ ಹತ್ತಿಕೊಳ್ಳುತ್ತದೆ ಅನ್ನುವ ಮಾತಿಗೆ ಕಾರಣ ಏನು? ಭಾರತಕ್ಕೆ ತರಲು ದಾರಿ ಇದೆಯೇ?

ಹನ್ನೆರಡು ಸಿಲಿಂಡರ್

ಕಥೆಯನ್ನು ಪೂರ್ತಿ ಬಿಡಬೇಡಿ ಗೇರುಬೀಜ ಅವರೇ. ಈ ಕಾರಿನ ತೊಂದರೆಗಳು ಹುಟ್ಟಿದ್ದೇ ಆ ಕಥೆಯಲ್ಲಿ.

1965ರ ನವೆಂಬರ್‌ನಲ್ಲಿ ಟುರಿನ್ ಪ್ರದರ್ಶನಕ್ಕೆ ಲ್ಯಾಂಬೊರ್ಗಿನಿ ಒಯ್ದದ್ದು ಬರೀ ಷಾಸಿ, ಮೈ ಇಲ್ಲದ್ದು. ಅದನ್ನು ರೂಪಿಸಿದ ಜಾನ್ ಪಾವ್ಲೊ ದಲ್ಲಾರಾ, ಪಾವ್ಲೊ ಸ್ಟಾನ್‌ಜಾನಿ ಇಬ್ಬರಿಗೂ ಆಗ ಮೂವತ್ತು ತುಂಬಿರಲಿಲ್ಲ. ಪರೀಕ್ಷಾ ಚಾಲಕ ನ್ಯೂಜಿಲೆಂಡ್‌ನ ಬಾಬ್ ವಾಲೆಸ್ ಅವರಿಗಿಂತ ಚಿಕ್ಕವನು. ಬರ್ಟೋನೆ ಕಂಪನಿಯಲ್ಲಿ ಮೈಮಾಟ ಬರೆದ ಮಾರ್ಚೆಲ್ಲೊ ಗಾಂದಿನಿಗೆ 27. 1966ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಪೂರ್ತಿ ಕಾರು ನಿಂತಿತ್ತು. ನಡುವೆ ಸಿಕ್ಕಿದ್ದು ನಾಲ್ಕೇ ತಿಂಗಳು.

ಇವರಿಗೆ ಬೇಕಿದ್ದದ್ದು ಓಟದ ಕಾರು. ಕಂಪನಿಯ ಒಡೆಯ ಫೆರುಚ್ಚೊ ಲ್ಯಾಂಬೊರ್ಗಿನಿಗೆ ಓಟದ ಗೊಡವೆ ಬೇಡವಾಗಿತ್ತು. ಅದಕ್ಕೇ ಓಟದ ಕಾರಿನ ಅಡಿಪಾಯದ ಮೇಲೆ ರಸ್ತೆಯ ಕಾರು ಎದ್ದಿತು. 3,929 ಸಿಸಿಯ, ಹನ್ನೆರಡು ಸಿಲಿಂಡರಿನ ವಿ12 ಎಂಜಿನ್ ಉದ್ದುದ್ದ ಇಟ್ಟರೆ ಕಾರು ತೀರಾ ಉದ್ದವಾಗುತ್ತದೆಂದು ಅದನ್ನು ಅಡ್ಡಡ್ಡ ಇಟ್ಟರು. ಬ್ರಿಟನ್ನಿನ ಪುಟ್ಟ ಮಿನಿ ಕಾರಿನಲ್ಲಿ ಇದ್ದ ಉಪಾಯವೇ ಇದು. ಗೇರ್‌ಬಾಕ್ಸ್‌ಗೆ ಬೇರೆ ಜಾಗ ಉಳಿಯಲಿಲ್ಲ, ಎಂಜಿನ್‌ನ ಎರಕದಲ್ಲೇ ಸೇರಿಸಿಬಿಟ್ಟರು. ಎಣ್ಣೆಯೂ ಎರಡಕ್ಕೂ ಒಂದೇ ಆಯಿತು. ಷಾಸಿ ಹಗುರಾಗಲೆಂದು ತೆಳು ತಗಡಿನ ಪೆಟ್ಟಿಗೆಗಳಿಗೆ ಎಲ್ಲೆಂದರಲ್ಲಿ ತೂತು ಕೊರೆದರು. ಜನ ಹೊಗಳುವ ಅಷ್ಟೂ ಗುಣಗಳು ಇಲ್ಲಿಂದ ಬಂದವು. ಮೆಕ್ಯಾನಿಕ್ ಬೈಯುವುದೂ ಇವನ್ನೇ.

ಮೂರು ಮಾದರಿಗಳ ಶಕ್ತಿ ಕಂಪನಿಯ ಲೆಕ್ಕದಲ್ಲಿ 350, 370, 385 ಅಶ್ವಶಕ್ತಿ.

ಹುಬ್ಬಳ್ಳಿ ಹಬ್‌ಕ್ಯಾಪ್

ಅಲ್ರೀ, ಕ್ಲಚ್ ಜಗಳದ ಕಥಿ ಖರೇ ಏನು? ಫೆರಾರಿ ಕ್ಲಚ್ಚೂ ತನ್ನ ಟ್ರ್ಯಾಕ್ಟರ್ ಕ್ಲಚ್ಚೂ ಒಂದ ಅಂತ ಫೆರುಚ್ಚೊ ಹೇಳಿದ, ಎನ್‌ಜೊ ಫೆರಾರಿ ಸಿಟ್ಟಿಗೆದ್ದ ಅಂತಾರಲ್ಲ.

ಹನ್ನೆರಡು ಸಿಲಿಂಡರ್

ಫೆರುಚ್ಚೊ ತಾನೇ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡದ್ದು. ಕೇಳಲು ಚೆನ್ನಾಗಿದೆ. ಆದರೆ ಬರೀ ಸಿಟ್ಟಿಗೆ ಯಾರೂ ಕಾರ್ಖಾನೆ ಕಟ್ಟುವುದಿಲ್ಲ. 1948ರಲ್ಲಿ ಯುದ್ಧದ ಗುಜರಿಯಿಂದ ಟ್ರ್ಯಾಕ್ಟರ್ ಶುರು ಮಾಡಿ, ಪೆಟ್ರೋಲ್ ಎಂಜಿನ್ನನ್ನು ಅಗ್ಗದ ಡೀಸೆಲ್‌ನಲ್ಲಿ ಓಡಿಸುವ ಸಲಕರಣೆ ಕಂಡುಹಿಡಿದು, ಆಮೇಲೆ ಬರ್ನರ್, ಏರ್ ಕಂಡೀಷನರ್ ವ್ಯಾಪಾರಕ್ಕೂ ಇಳಿದ ಮನುಷ್ಯ ಆತ. ಒಂದು ದುಬಾರಿ ಕಾರಿನಲ್ಲಿ ಎಷ್ಟು ಲಾಭ ಕೂತಿದೆ ಎಂದು ಲೆಕ್ಕ ಹಾಕದೆ 1963ರಲ್ಲಿ ಬೊಲೋನಿಯಾ ಕಡೆಯ ಸಾಂತ್ ಆಗಾತದಲ್ಲಿ ಜಾಗ ಹಿಡಿದಿರಲಾರ. ಇಷ್ಟಾಗಿಯೂ 1972ರಲ್ಲಿ ಕಾರು ಕಂಪನಿಯ 51 ಶೇಕಡಾ ಪಾಲನ್ನು ಮಾರಿದ, ಎರಡು ವರ್ಷದಲ್ಲಿ ಉಳಿದದ್ದನ್ನೂ ಮಾರಿದ. ಟ್ರ್ಯಾಕ್ಟರ್ ಕಂಪನಿ ಸಾಮೆ ಎಂಬ ಇಟಲಿಯ ಸಂಸ್ಥೆಗೆ ಹೋಯಿತು. ಆ ಗುಂಪಿನ ಒಂದು ಕಾರ್ಖಾನೆ ಈಗ ನಮ್ಮ ಪಕ್ಕದ ತಮಿಳುನಾಡಿನ ರಾಣಿಪೇಟೆಯಲ್ಲೇ ಇದೆ.

ಹಳೇ ಗ್ಯಾರೇಜು

ಮೊದಲನೇ ಪ್ರಶ್ನೆಗೆ ಬರ್ತೀನಿ. ಮಿಯುರಾ ನೋಡಲು ಹೋದಾಗ ಬಣ್ಣ, ಚರ್ಮ, ಗಾಜು ಕೊನೆಗಿರಲಿ. ಡ್ರೈನ್ ಬೋಲ್ಟ್‌ನಿಂದ ಶುರು ಮಾಡಿ.

ಎಣ್ಣೆ ಒಂದೇ ಆಗಿರುವುದರಿಂದ ಗೇರ್‌ನ ಸಿಂಕ್ರೊ ಉಂಗುರ (ಗೇರ್ ಸದ್ದಿಲ್ಲದೆ ಬೀಳುವಂತೆ ವೇಗ ಹೊಂದಿಸುವುದು) ಸವೆದು ಉದುರುವ ಹಿತ್ತಾಳೆ ಪುಡಿ ಸೀದಾ ಎಂಜಿನ್ ಎಣ್ಣೆಗೆ ಬೀಳುತ್ತದೆ. ಫಿಲ್ಟರ್ ಬಹುಪಾಲು ಹಿಡಿಯುತ್ತದೆ. ಆದರೆ ತಣ್ಣಗಿನ ಎಂಜಿನ್‌ನಲ್ಲಿ ಎಣ್ಣೆ ಗಟ್ಟಿ ಇದ್ದಾಗ ಫಿಲ್ಟರ್‌ನ ಬೈಪಾಸ್ ತೆರೆದುಕೊಂಡರೆ ಸೋಸದ ಎಣ್ಣೆಯೇ ಬೇರಿಂಗಿಗೆ ಹೋಗುತ್ತದೆ. ಎರಡನೇ ಗೇರಿಗೆ ಕರ್ ಅನ್ನಿಸಿ ಹಾಕುವ ಅಭ್ಯಾಸ ಇರುವವನ ಕೈಯಲ್ಲಿ ಎಂಜಿನ್‌ನ ಬೇರಿಂಗೂ ಹಾಳಾಗುವುದು ಹೀಗೆ. ಬೇರೆ ಕಾರಿನಲ್ಲಿ ಗೇರ್‌ಬಾಕ್ಸ್ ಮಾತ್ರ ಬಿಚ್ಚಿ ಸರಿ ಮಾಡಬಹುದು, ಇಲ್ಲಿ ಎಂಜಿನ್ ಸಮೇತ ಕೆಳಗಿಳಿಸಬೇಕು.

ನೋಡುವ ಕ್ರಮ ಹೀಗೆ. ಕಾರು ಅರ್ಧ ಗಂಟೆಯಾದರೂ ಓಡಿರಲಿ. ಬಿಸಿ ಇರುವಾಗಲೇ ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಫಿಲ್ಟರ್ ಬಿಚ್ಚಿ, ಅದರ ಕಾಗದದ ಮಡಿಕೆಗಳನ್ನು ಚಾಕುವಿನಿಂದ ಕೊಯ್ದು ಹರಡಿ. ಹಳದಿ ಮಿನುಗು ಅಂದರೆ ಸಿಂಕ್ರೊ, ಒಂಚೂರು ಇದ್ದೇ ಇರುತ್ತದೆ. ಮ್ಯಾಗ್ನೆಟ್‌ಗೆ ಅಂಟುವ ಮೆತ್ತನೆ ಕಪ್ಪು ಲೇಪ ಇದ್ದರೂ ಹೆದರಬೇಕಿಲ್ಲ. ಅಂಟುವ ಚೂಪು ಚೂರು ಸಿಕ್ಕರೆ ಗೇರ್ ಹಲ್ಲಿನದು. ಮ್ಯಾಗ್ನೆಟ್‌ಗೆ ಅಂಟದ ಬೂದು ಬಿಳಿ ಹಾಳೆಯಂಥ ಚೂರು ಬೇರಿಂಗ್‌ನದು, ಅದು ಕಂಡರೆ ಬೆಲೆ ಮಾತಾಡುವುದನ್ನು ಅಲ್ಲೇ ನಿಲ್ಲಿಸಿ.

ಮಾರುವವರು ಎಣ್ಣೆ ಇಳಿಸಲು ಬಿಡುವುದಿಲ್ಲ ಅಂದರೆ ನಿಮ್ಮ ಖರ್ಚಿನಲ್ಲಿ ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿಕೊಡುತ್ತೇವೆ ಅನ್ನಿ. ಆಗಲೂ ಒಪ್ಪದಿದ್ದರೆ ಉತ್ತರ ಸಿಕ್ಕಂತೆಯೇ.

ಪಿಸ್ಟನ್ ಪಾಟೀಲ

ಇದಕ್ಕ ಎರಡು ಮಾತು ಸೇರಸ್ತೀನ್ರಿ. ಎಣ್ಣಿ ಒಂದಿಷ್ಟೂ ಕಡಿಮಿ ಇರಬಾರದು. ಜೋರ್ ತಿರುವಿನ್ಯಾಗ ಎಣ್ಣಿ ಒಂದ ಬದಿಗೆ ಸರದು ಪಂಪಿನ ಬಾಯಿ ಖಾಲಿ ಆಗತೈತಿ, ಆ ಹೊತ್ತಿನ್ಯಾಗ ಬೇರಿಂಗ್ ಒಣಗತಾವು. ಅದಕ್ಕ ಮೇಲಿನ ಗೆರಿಗೇ ಇಡ್ರಿ. 20ಡಬ್ಲ್ಯೂ-50 ದಪ್ಪದ, ಸತು ಅಂಶ ಜಾಸ್ತಿ ಇರೋ ಎಣ್ಣಿ ಒಳ್ಳೇದು. ಇವತ್ತಿನ ಕಾರಿನ ತೆಳು ಎಣ್ಣಿ ಹಾಕಿದ್ರ ಕ್ಯಾಮ್ ಸವಿತಾವು. ಹೆಚ್ಚು ಜಾರೋ ಎಣ್ಣಿ ಹಾಕಿದ್ರ ಸಿಂಕ್ರೊ ಹಿಡಿಯಂಗಿಲ್ಲ. ಐದು ಸಾವಿರ ಕಿಲೋಮೀಟರ್ ಇಲ್ಲಾ ಒಂದು ವರ್ಷ, ಯಾವುದು ಮೊದಲೋ ಅದಕ್ಕ ಬದಲಿಸ್ರಿ.

ಎಲ್ಲಾ ಎಸ್‌ವಿಗೂ ಎಣ್ಣಿ ಬ್ಯಾರೆ ಬ್ಯಾರೆ ಅಂತ ಮಾರೋರು ಹೇಳ್ತಾರ, ನಂಬಬ್ಯಾಡ್ರಿ. ಕಡೀಕ ಬಂದ 96 ಎಸ್‌ವಿಯೊಳಗ ಮಾತ್ರ ಎಂಜಿನ್, ಗೇರ್ ಎಣ್ಣಿ ಬ್ಯಾರೆ ಮಾಡ್ಯಾರ. ಒಂದ ಗಾಲಿ ಬರೀ ಜಾರಿ ತಿರಗದಂಗ ತಡಿಯೋ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಕೂಡಿಸಿದ್ರು, ಅದಕ್ಕ ತನ್ನದೇ ಎಣ್ಣಿ ಬೇಕಾತು. ಹಂಗಂತ ಎಣ್ಣಿ ಬ್ಯಾರೆ ಇಲ್ಲದ ಎಸ್‌ವಿ ಖೋಟಾ ಅಲ್ಲ, ಮೊದಲಿನ ತಂಡದ್ದು ಅಷ್ಟ.

ಕಡಲತಡಿ

ಬೆಂಕಿಯ ವಿಷಯ ನಾನು ಹೇಳ್ತೇನೆ ಮಾರಾಯ್ರೆ. ಅದು ಉತ್ಪ್ರೇಕ್ಷೆ ಅಲ್ಲ, ಸುಟ್ಟುಹೋದ ಮಿಯುರಾಗಳು ಸಾಕಷ್ಟು ಉಂಟು. ಕಾರಣ ಮೂರು ಒಟ್ಟಿಗೆ ಸೇರುತ್ತದೆ.

ಇದರಲ್ಲಿ ಇರುವುದು ವೆಬರ್ ಕಂಪನಿಯ ಕಾರ್ಬ್ಯುರೇಟರ್ ನಾಲ್ಕು, ಒಂದೊಂದಕ್ಕೆ ಮೂರು ಬಾಯಿ, ಒಟ್ಟು ಹನ್ನೆರಡು. ಓಟದ ಕಾರಿಗೆ ಮಾಡಿದ್ದು ಅದು. ಓಟದಲ್ಲಿ ಯಾರೂ ಸಿಗ್ನಲ್‌ನಲ್ಲಿ ಹತ್ತು ನಿಮಿಷ ಐಡಲ್ ಬಿಡುವುದಿಲ್ಲ. ರಸ್ತೆಯಲ್ಲಿ ಬಿಡಬೇಕಾಗುತ್ತದೆ. ಒಳಗೆ ತೇಲುವ ಫ್ಲೋಟ್ ಮೇಲೆ ಬಂದಾಗ ಪೆಟ್ರೋಲ್ ಬಂದ್ ಮಾಡುವ ಸೂಜಿ ಸರಿಯಾಗಿ ಕೂರದಿದ್ದರೆ, ಅಥವಾ ಪಂಪಿನ ಒತ್ತಡ ಜಾಸ್ತಿ ಇದ್ದರೆ ಪೆಟ್ರೋಲ್ ಉಕ್ಕಿ ಮೇಲೆ ನಿಲ್ಲುತ್ತದೆ. ಕೆಳಗೆ ಬಿಸಿ ಎಂಜಿನ್. ಹೀಗೆ ನಿಂತಿರುವಾಗ ಆಕ್ಸಿಲರೇಟರ್ ಒತ್ತಿ ಎಂಜಿನ್ ಒಮ್ಮೆ ಕಾರ್ಬ್ಯುರೇಟರ್ ಬಾಯಿಯಿಂದ ಸೀನಿತು ಅಂದರೆ ಮುಗಿಯಿತು. ಹಿಂದಿನ ಮುಚ್ಚಳ ಅಲ್ಯೂಮಿನಿಯಂ, ಬೇಗ ಕರಗುತ್ತದೆ.

ಮಾಡಬೇಕಾದ್ದು:

ಪೆಟ್ರೋಲ್ ಒತ್ತಡ 3ರಿಂದ 3.5 ಪಿಎಸ್‌ಐ ಮೀರದ ಹಾಗೆ ರೆಗ್ಯುಲೇಟರ್, ಮತ್ತು ಅದರ ಪಕ್ಕದಲ್ಲೇ ಗೇಜ್. ಗೇಜ್ ಇಲ್ಲದ ರೆಗ್ಯುಲೇಟರ್‌ನಿಂದ ಪ್ರಯೋಜನ ಇಲ್ಲ.

ಫ್ಲೋಟ್ ಬಿಚ್ಚಿ ಬಿಸಿ ನೀರಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ತೂತು ಉಂಟು ಅಂತ ಅರ್ಥ. ತೂತಾದ ಫ್ಲೋಟ್ ಒಳಗೆ ಪೆಟ್ರೋಲ್ ತುಂಬಿ ಭಾರವಾಗಿ ಸೂಜಿಯನ್ನು ಮುಚ್ಚುವುದೇ ಇಲ್ಲ. ನಾಲ್ಕೂ ಕಾರ್ಬ್ಯುರೇಟರ್‌ನ ಮಟ್ಟ ಒಂದೇ ಇರಬೇಕು, ಕಣ್ಣಂದಾಜು ಬೇಡ.

ರಬ್ಬರ್ ಪೈಪ್ ಎಲ್ಲ ತೆಗೆದು ಎಥೆನಾಲ್ ತಡೆಯುವ ಪೈಪ್ ಹಾಕಿ. ಬಿಗಿ ಮಾಡುವ ಕ್ಲಿಪ್ ಪೈಪನ್ನು ಕೊರೆಯುವಂಥದ್ದು ಆಗಬಾರದು. ಭಾರತದಲ್ಲಿ ಈಗ ಬಂಕ್‌ನಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲ್. ಹಳೆಯ ರಬ್ಬರ್, ಕಾರ್ಕ್ ಗ್ಯಾಸ್ಕೆಟ್ ಅದಕ್ಕೆ ತಾಳುವುದಿಲ್ಲ. ಒಳಗಿಂದ ಮೆತ್ತಗಾಗುತ್ತದೆ, ಹೊರಗೆ ನೋಡಿದರೆ ಗೊತ್ತೇ ಆಗುವುದಿಲ್ಲ.

ಕೈಗೆ ಎಟಕುವಲ್ಲಿ ಪಂಪ್ ಬಂದ್ ಮಾಡುವ ಸ್ವಿಚ್. ಜೊತೆಗೆ ಡಿಕ್ಕಿಯಾದರೆ ತಾನೇ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್.

ಗೇರುಬೀಜ

ಹತ್ತಿಕೊಂಡೇ ಬಿಟ್ಟರೆ?

ಕಡಲತಡಿ

ಮೊದಲು ಪಂಪ್ ಸ್ವಿಚ್, ಆಮೇಲೆ ಇಗ್ನಿಷನ್, ಆಮೇಲೆ ಇಳಿಯಿರಿ. ಹಿಂದಿನ ಮುಚ್ಚಳ ಪೂರ್ತಿ ಎತ್ತಲೇಬಾರದು, ಗಾಳಿ ನುಗ್ಗಿ ಕಿಡಿ ಜ್ವಾಲೆಯಾಗುತ್ತದೆ. ಲಾಕ್ ಬಿಡಿಸಿ ಬೆರಳಷ್ಟು ಸಂದಿ ಮಾಡಿ, ಅಲ್ಲಿಂದ ಒಳಗೆ ಸಿಂಪಡಿಸಿ. ಪುಡಿ ತುಂಬಿದ ಸಾಮಾನ್ಯ ಸಿಲಿಂಡರ್ ಬೆಂಕಿ ಆರಿಸುತ್ತದೆ, ಆದರೆ ಆ ಪುಡಿ ತೇವ ಹೀರಿ ಅಲ್ಯೂಮಿನಿಯಂ ತಿನ್ನುತ್ತದೆ, ಎಂಜಿನ್ ಬಾಯಿಗೂ ಹೋಗುತ್ತದೆ. ಉಳಿಕೆ ಬಿಡದ ಅನಿಲದ್ದು ಇಟ್ಟುಕೊಳ್ಳಿ. ಅದು ಖಾಲಿಯಾದ ಮೇಲೂ ಉರಿಯುತ್ತಿದ್ದರೆ ದೂರ ಹೋಗಿ, ಕಾರಿಗೆ ವಿಮೆ ಉಂಟಲ್ಲ.

ಸೊನ್ನೆಯಿಂದ ನೂರು

ಇಷ್ಟೆಲ್ಲ ತಲೆನೋವು ಯಾಕೆ? 20 ಲಕ್ಷ ಡಾಲರ್ ಕೊಟ್ಟವರು ಅದನ್ನು ಓಡಿಸುವುದಿಲ್ಲ ಸರ್. ಎಸಿ ಕೋಣೆಯಲ್ಲಿ ದೀಪದ ಕೆಳಗೆ ಇಡುತ್ತಾರೆ. ಇರಾನಿನ ಶಾ ಹತ್ತಿರ ಇದ್ದ ಎಸ್‌ವಿಜೆ ಅನ್ನುವ ಅಪರೂಪದ ಮಿಯುರಾ 1979ರ ಕ್ರಾಂತಿಯ ನಂತರ ಸರ್ಕಾರದ ವಶದಲ್ಲಿ ನಿಂತಿತ್ತು, 1997ರಲ್ಲಿ ಜಿನೀವಾ ಹರಾಜಿನಲ್ಲಿ ನಟ ನಿಕೋಲಸ್ ಕೇಜ್ ಕೊಂಡರು. ಯಾರೂ ಓಡಿಸದಿದ್ದರೂ ಬೆಲೆ ಇಳಿಯಲಿಲ್ಲವಲ್ಲ? ಸಂಕೇತಕ್ಕೆ ಎಂಜಿನ್ ಬೇಕೇ ಇಲ್ಲ.

ಹಳೇ ಗ್ಯಾರೇಜು

ಬೆಲೆ ಇಳಿಯುವುದಿಲ್ಲ ನಿಜ. ಆದರೆ ಮುಂದೆ ಕೊಳ್ಳುವವನಿಗೆ ಅತಿ ದುಬಾರಿ ಬೀಳುವುದು ಅಂಥ ಕಾರೇ. ನಿಂತ ಮಿಯುರಾದಲ್ಲಿ ಏನೇನು ಆಗುತ್ತದೆ ಕೇಳಿ. ಫ್ಲೋಟ್ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ, ಸೂಜಿ ತೆರೆದಂತೆಯೇ ಸಿಕ್ಕಿಕೊಳ್ಳುತ್ತದೆ. ಯಾರೋ ಗಿರಾಕಿ ಬಂದ ದಿನ ಪಂಪ್ ಹಾಕುತ್ತಾರೆ, ಪೆಟ್ರೋಲ್ ಉಕ್ಕುತ್ತದೆ, ಕಡಲತಡಿ ಅವರು ಹೇಳಿದ್ದು ಅಲ್ಲೇ ನಡೆಯುತ್ತದೆ. ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ ತುಕ್ಕಿನಿಂದ ಅಂಟುತ್ತದೆ. ಬ್ರೇಕ್ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ನೀರಿನ ಪಂಪಿನ ಸೀಲ್ ಒಣಗಿ ಬಿರಿಯುತ್ತದೆ.

ಇನ್ನೂ ಕೆಟ್ಟದ್ದು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಹೆಚ್ಚು ಹೋಗಿ ಸಿಲಿಂಡರ್ ಗೋಡೆಯ ಎಣ್ಣೆ ತೊಳೆದು ಕೆಳಗಿಳಿಯುತ್ತದೆ. ಜೊತೆಗೆ ಉರಿದಾಗ ಹುಟ್ಟಿದ ನೀರಾವಿ ತಂಪಿಗೆ ಹನಿಯಾಗಿ ಎಣ್ಣೆಗೆ ಸೇರುತ್ತದೆ. ಬೇರೆ ಕಾರಿನಲ್ಲಿ ಇದರ ಪೆಟ್ಟು ಎಂಜಿನ್‌ಗೆ ಮಾತ್ರ. ಇಲ್ಲಿ ಅದೇ ಎಣ್ಣೆಯಲ್ಲಿ ಗೇರು, ಡಿಫರೆನ್ಷಿಯಲ್ ಎಲ್ಲ ಮುಳುಗಿವೆ.

ತಿಂಗಳಿಗೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಎಣ್ಣೆ 80 ಡಿಗ್ರಿ ಮುಟ್ಟಲಿ. ಸಾಧ್ಯವಿಲ್ಲ ಅಂದರೆ ಸ್ಟಾರ್ಟೇ ಮಾಡಬೇಡಿ. ಪಂಪ್ ಸ್ವಿಚ್ ಬಂದ್ ಮಾಡಿ ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಬಟ್ಟಲು ಖಾಲಿ ಮಾಡಿ, ಹೊಸ ಎಣ್ಣೆ ತುಂಬಿ, ಬ್ಯಾಟರಿ ಬಿಚ್ಚಿ ಇಟ್ಟುಬಿಡಿ. ಗೆಲುವಿನ ಗುರುತನ್ನು ಕೊಳೆಯಲು ಬಿಟ್ಟವರ ಬಿಲ್ಲನ್ನು ಮುಂದಿನವರು ಕಟ್ಟುತ್ತಿದ್ದಾರೆ, ಅದೇ ನನ್ನ ತಕರಾರು.

ತುಕ್ಕು ತಜ್ಞ

ಷಾಸಿ ಬಗ್ಗೆ ಯಾರೂ ಹೇಳಲಿಲ್ಲ. ಷಾಸಿ ಕಟ್ಟಿದ್ದು ಮೊದೆನಾದ ಮಾರ್ಕೇಸಿ, ಮೈ ಟುರಿನ್ ಬಳಿಯ ಬರ್ಟೋನೆ. ಮೊದಲ 125ರಷ್ಟು ಕಾರುಗಳ ತಗಡು 0.9 ಮಿಲಿಮೀಟರ್, ಆಮೇಲೆ 1 ಮಿಲಿಮೀಟರ್. ಆ ಕಾಲದ ತಗಡು, ಪೆಟ್ಟಿಗೆಯ ಒಳಮೈಗೆ ರಕ್ಷಣೆ ಅಷ್ಟಕ್ಕಷ್ಟೇ. ಹಗುರಾಗಲೆಂದು ಕೊರೆದ ತೂತುಗಳಿಂದಲೇ ನೀರು, ಕೆಸರು ಒಳಗೆ ಹೋಗಿ ಕೂರುತ್ತದೆ.

ಬಾಗಿಲ ಕೆಳಗಿನ ಸಿಲ್, ಮುಂದಿನ ಪೆಟ್ರೋಲ್ ಟ್ಯಾಂಕ್ ಕೂರುವ ತೊಟ್ಟಿಲು, ಕ್ಯಾಬಿನ್ ಮತ್ತು ಎಂಜಿನ್ ನಡುವಿನ ಗೋಡೆಯ ಬುಡ, ಹಿಂದಿನ ಸಸ್ಪೆನ್ಷನ್ ತೋಳು ಸೇರುವ ಜಾಗ. ಈ ನಾಲ್ಕು ಕಡೆಗೂ ತೂತಿನೊಳಗಿಂದ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿ. ಹೊರಗೆ ನುಣ್ಣಗೆ ಕಪ್ಪು ಬಣ್ಣ ಬಳಿದಿದ್ದರೆ ನನಗೆ ಅನುಮಾನ ಜಾಸ್ತಿ.

ಮುಂದಿನ ಹಿಂದಿನ ದೊಡ್ಡ ಮುಚ್ಚಳಗಳು ಅಲ್ಯೂಮಿನಿಯಂ, ನಡುವಿನ ಗೂಡು ಉಕ್ಕು. ಎರಡು ಲೋಹ ತಾಗುವಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ಮ್ಯಾಗ್ನೆಟ್ ಜೇಬಿನಲ್ಲಿರಲಿ. ಮುಚ್ಚಳಕ್ಕೆ ಅಂಟಿತು ಅಂದರೆ ಯಾರೋ ಉಕ್ಕಿನ ತೇಪೆ ಹಾಕಿದ್ದಾರೆ. ಸಿಲ್‌ಗೆ ಅಂಟಲಿಲ್ಲ ಅಂದರೆ ಅಲ್ಲಿರುವುದು ಪುಟ್ಟಿ.

ಜಿಗ್ (ಅಲುಗದಂತೆ ಹಿಡಿದಿಡುವ ಚೌಕಟ್ಟು) ಇಲ್ಲದೆ ಷಾಸಿ ಬೆಸುಗೆ ಹಾಕಿಸಬೇಡಿ. ತೆಳು ತಗಡು ಬಿಸಿಗೆ ಸೊಟ್ಟಾಗುತ್ತದೆ. ವೀಲ್‌ಬೇಸ್ 2,500 ಮಿಲಿಮೀಟರ್ ಎರಡೂ ಬದಿ ಅಳೆಯಿರಿ, ಕರ್ಣರೇಖೆಯಲ್ಲೂ ಅಳೆಯಿರಿ. ವ್ಯತ್ಯಾಸ ಬಂದರೆ ಹಳೆಯ ಅಪಘಾತ ಅಡಗಿದೆ.

ಸೊನ್ನೆಯಿಂದ ನೂರು

ಕಣ್ರೆಪ್ಪೆ ಇದ್ದರೆ ಪಿ400 ಅಥವಾ ಎಸ್, ಇಲ್ಲದಿದ್ದರೆ ಎಸ್‌ವಿ. ಗುರುತು ಹಿಡಿಯೋದು ಇಷ್ಟು ಸುಲಭ ಅಲ್ವಾ?

ತುಕ್ಕು ತಜ್ಞ

ಹೆಡ್‌ಲೈಟ್ ಸುತ್ತಲಿನ ಆ ಕಪ್ಪು ಗೆರೆಗಳನ್ನು ತೆಗೆಯಲು ಎಷ್ಟು ಹೊತ್ತು ಬೇಕು ಹೇಳಿ! ಪಿ400 ಕೊಂಡು ಎಸ್‌ವಿ ವೇಷ ಹಾಕಿಸಿದ ಕಾರುಗಳು ಬೇಕಾದಷ್ಟಿವೆ. ಅದರಲ್ಲಿ ಕೆಲವು ಪ್ರಾಮಾಣಿಕವಾಗಿ "ಪರಿವರ್ತಿತ" ಎಂದೇ ಮಾರಾಟವಾಗುತ್ತವೆ, ತೊಂದರೆ ಇಲ್ಲ.

ಎಸ್‌ವಿಯ ಹಿಂದಿನ ರಿಮ್ 9 ಇಂಚು, ಉಳಿದವಕ್ಕೆ 7. ಅದಕ್ಕೆ ಹಿಂದಿನ ಮೈಯೂ ಅಗಲ. ಹಿಂದಿನ ಸಸ್ಪೆನ್ಷನ್‌ನ ಕೆಳತೋಳು, ಅದು ಷಾಸಿಗೆ ಸೇರುವ ಜಾಗ ಎಲ್ಲ ಬದಲಾಗಿದೆ. ವೇಷ ಹಾಕಿದ ಕಾರಿನಲ್ಲಿ ಮೈ ಅಗಲ ಮಾಡಿರುತ್ತಾರೆ, ಷಾಸಿಯ ಹಿಡಿತಗಳನ್ನು ಹಾಗೇ ಬಿಟ್ಟಿರುತ್ತಾರೆ. ಕೆಳಗೆ ಮಲಗಿ ನೋಡಬೇಕು.

ಷಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಬರ್ಟೋನೆಯ ಮೈ ಸಂಖ್ಯೆ ಮೂರೂ ಬೇರೆ ಬೇರೆ. ಮೂರನ್ನೂ ಕಾರ್ಖಾನೆಯ ದಾಖಲೆಯೊಂದಿಗೆ ತಾಳೆ ನೋಡಿಸಿ. ಲ್ಯಾಂಬೊರ್ಗಿನಿಯ ಪೋಲೊ ಸ್ಟೋರಿಕೊ ವಿಭಾಗ 2015ರಿಂದ ಹಳೆಯ ಕಾರುಗಳಿಗೆ ಪ್ರಮಾಣಪತ್ರ ಕೊಡುತ್ತಿದೆ. ಸಂಖ್ಯೆ ಕೊರೆದ ಜಾಗದ ಸುತ್ತ ಉಜ್ಜಿದ ಗುರುತು, ಬೇರೆ ಬಣ್ಣ, ಹೊಸ ಬೆಸುಗೆ ಕಂಡರೆ ಪ್ರಮಾಣಪತ್ರ ಬರುವ ತನಕ ಮುಂಗಡ ಕೊಡಬೇಡಿ.

ಹನ್ನೆರಡು ಸಿಲಿಂಡರ್

ಎಂಜಿನ್ ಪರೀಕ್ಷೆಗೆ ಲೀಕ್‌ಡೌನ್ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವುದು) ಮಾಡಿಸದೆ ಬರಬೇಡಿ. ಕಂಪ್ರೆಷನ್ ಒಂದೇ ಸಾಲದು. ಎಂಜಿನ್ ಬಿಸಿ ಇರುವಾಗ ಹನ್ನೆರಡೂ ಪ್ಲಗ್ ತೆಗೆಯಿರಿ. ಮುಂದಿನ ಸಾಲಿನ ಪ್ಲಗ್‌ಗಳು ಕ್ಯಾಬಿನ್ ಗೋಡೆಗೆ ಅಂಟಿದಂತೆ ಇರುವುದರಿಂದ ಅವಸರ ಮಾಡಿದರೆ ಎಳೆ ಕೆಡುತ್ತದೆ. ಅಲ್ಯೂಮಿನಿಯಂ ಹೆಡ್, ನೆನಪಿರಲಿ. ಮೊದಲು ಗಾಳಿ ಊದಿ ಗುಂಡಿಯ ಕಸ ತೆಗೆಯಬೇಕು, ಇಲ್ಲದಿದ್ದರೆ ಅದು ಸಿಲಿಂಡರ್ ಒಳಗೆ ಬೀಳುತ್ತದೆ.

ಒಂದೊಂದೇ ಸಿಲಿಂಡರನ್ನು ಕಂಪ್ರೆಷನ್ ತುದಿಗೆ ತಂದು ಗಾಳಿ ತುಂಬಿ. ಸೋರಿಕೆ 10 ಶೇಕಡಾ ಒಳಗಿದ್ದರೆ ಸಂತೋಷ, 20 ದಾಟಿದರೆ ಹೆಡ್ ಬಿಚ್ಚುವ ಖರ್ಚು ಬೆಲೆಯಿಂದ ಕಳೆಯಿರಿ. ಸೋರುವ ಸದ್ದು ಎಲ್ಲಿಂದ ಅನ್ನುವುದು ಮುಖ್ಯ. ಕಾರ್ಬ್ಯುರೇಟರ್ ಬಾಯಲ್ಲಿ ಕೇಳಿದರೆ ಒಳವಾಲ್ವ್, ಸೈಲೆನ್ಸರ್‌ನಲ್ಲಿ ಕೇಳಿದರೆ ಹೊರವಾಲ್ವ್, ಎಣ್ಣೆ ಹಾಕುವ ಬಾಯಲ್ಲಿ ಕೇಳಿದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್.

ರೇಡಿಯೇಟರ್ ಮೂತಿಯಲ್ಲಿದೆ, ಎಂಜಿನ್ ಹಿಂದಿದೆ. ನಡುವಿನ ಉದ್ದ ಕೊಳವೆಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಮೀಟರ್ ಸರಿ ತೋರಿಸುತ್ತಲೇ ಹೆಡ್ ಕುದಿಯುತ್ತದೆ. ನೀರು ಬದಲಿಸಿದಾಗ ಹೀಟರ್ ತೆರೆದಿಟ್ಟು, ಗಾಳಿ ಬಿಡುವ ಸ್ಕ್ರೂಗಳಲ್ಲಿ ಗುಳ್ಳೆ ನಿಲ್ಲುವ ತನಕ ಕಾಯಬೇಕು. ತಣ್ಣಗಾದ ಮೇಲೆ ಮತ್ತೊಮ್ಮೆ ಮಟ್ಟ ನೋಡಿ.

ಹುಬ್ಬಳ್ಳಿ ಹಬ್‌ಕ್ಯಾಪ್

ಜೋರ್ ಓಡಿಸಿದ್ರ ಮೂತಿ ಮ್ಯಾಲೆ ಏಳತೈತಿ ಅಂತಾರಲ್ರಿ?

ಪಿಸ್ಟನ್ ಪಾಟೀಲ

ಏಳತೈತಿ. ಗಾಂದಿನಿ ಬರೆದ ರೂಪ ಗಾಳಿ ಸುರಂಗದಾಗ ತಿದ್ದಿದ್ದಲ್ಲ. ಮೂತಿ ಅಡಿಗೆ ಗಾಳಿ ಹೊಕ್ಕು ಎತ್ತತೈತಿ. ಮ್ಯಾಲೆ ಪೆಟ್ರೋಲ್ ಟ್ಯಾಂಕ್ ಮುಂದ ಐತಿ, ಪೆಟ್ರೋಲ್ ಖಾಲಿ ಆದಂಗ ಮುಂದಿನ ಭಾರ ಕಡಿಮಿ ಆಗಿ ಸ್ಟೇರಿಂಗ್ ಹಗುರ ಆಕ್ಕೈತಿ. ಹಿಂದಿನ ಸ್ಪ್ರಿಂಗ್ ಕುಸದಿದ್ರ ಇದು ಇನ್ನಷ್ಟು ಹೆಚ್ಚು. ಸಮತಟ್ಟಾದ ಜಾಗದಾಗ ನಿಲ್ಲಿಸಿ ಮುಂದ ಹಿಂದ ಎತ್ತರ ಅಳೀರಿ, ಮೂತಿ ಹಿಂದಿನಕಿಂತ ತುಸು ಕೆಳಗ ಇರಬೇಕು. ಅರ್ಧ ಟ್ಯಾಂಕಿಗಿಂತ ಕಡಿಮಿ ಇಟ್ಟು ಹೈವೇಕ ಹೋಗಬ್ಯಾಡ್ರಿ.

ಗೇರುಬೀಜ

ಭಾರತಕ್ಕೆ ತರುವ ಪ್ರಶ್ನೆ ಉಳಿಯಿತು.

ಕಾಗದಪತ್ರ

ಮೊದಲೆಲ್ಲ 1950ಕ್ಕಿಂತ ಹಿಂದಿನ ಕಾರಿಗೆ ಮಾತ್ರ ಸಲೀಸು ಇತ್ತು, ಹಾಗಾಗಿ ಮಿಯುರಾಕ್ಕೆ ಬಾಗಿಲೇ ಇರಲಿಲ್ಲ. 2025ರಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಅದನ್ನು 50 ವರ್ಷ ತುಂಬಿದ ಕಾರು ಎಂದು ಬದಲಿಸಿತು. 1973ಕ್ಕೆ ತಯಾರಿಕೆ ನಿಂತದ್ದರಿಂದ ಎಲ್ಲ ಮಿಯುರಾಗಳಿಗೂ ಈಗ ವಯಸ್ಸು ಸಾಕು. ತರುವುದು ಸ್ವಂತ ಬಳಕೆಗೆ, ವ್ಯಾಪಾರಕ್ಕಲ್ಲ. ಸುಂಕ, ಜಿಎಸ್‌ಟಿ ಎಲ್ಲ ಸೇರಿದರೆ ಭಾರೀ ಮೊತ್ತವಾಗಬಹುದು. ಹಡಗು ಹತ್ತಿಸುವ ಮೊದಲೇ ಕಸ್ಟಮ್ಸ್ ಏಜೆಂಟರ ಹತ್ತಿರ ಆ ದಿನದ ದರ ಬರಹದಲ್ಲಿ ತೆಗೆದುಕೊಳ್ಳಿ.

ನೋಂದಣಿಗೆ 2021ರ ವಿಂಟೇಜ್ ನಿಯಮ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ, ಆಮೇಲೆ ಮರುನೋಂದಣಿಗೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳಾದ ಮೇಲೆ "ವಿಎ" ಬರುತ್ತದೆ. ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಮೂಲ ರೂಪ ಬದಲಿಸಿದ ಕಾರಿಗೆ ವಿಂಟೇಜ್ ಮಾನ್ಯತೆ ಸಿಗುವುದಿಲ್ಲ, ಹಾಗಾಗಿ ಮೇಲೆ ಹೇಳಿದ ಎಸ್‌ವಿ ವೇಷದ ಕಾರು ತರುವವರು ಎರಡು ಸಲ ಯೋಚಿಸಿ.

ಸೊನ್ನೆಯಿಂದ ನೂರು

ಅಂದರೆ ತಂದರೂ ಎಂ.ಜಿ. ರಸ್ತೆಯಲ್ಲಿ ಭಾನುವಾರ ಒಂದು ಸುತ್ತು ಹಾಕೋ ಹಾಗಿಲ್ಲ!

ಕಾಗದಪತ್ರ

ಹಾಕುವ ಹಾಗಿಲ್ಲ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಹನ್ನೆರಡು ಬಾಯಿಯ ಕಾರ್ಬ್ಯುರೇಟರ್ ಐಡಲ್ ಬಿಡುವುದಕ್ಕಿಂತ ಅದು ಒಳ್ಳೆಯದೇ. ಬರೀ ಹಳೆಯ ಕಾರು ಕಣ್ತುಂಬ ನೋಡಬೇಕು ಅಂದರೆ ಶ್ರೀರಂಗಪಟ್ಟಣದ ಹತ್ತಿರ "ಪಯಣ" ಮ್ಯೂಸಿಯಂ ಇದೆ. ಇಟಲಿಗೆ ಹೋಗುವವರು ಸಾಂತ್ ಆಗಾತದ ಕಾರ್ಖಾನೆಯ ಮ್ಯೂಸಿಯಂ ಜೊತೆಗೆ ಬೊಲೋನಿಯಾ ಬಳಿ ಫುನೊದಲ್ಲಿರುವ ಫೆರುಚ್ಚೊ ಲ್ಯಾಂಬೊರ್ಗಿನಿ ಮ್ಯೂಸಿಯಮ್ಮನ್ನೂ ಬಿಡಬೇಡಿ. ಅಲ್ಲಿ ಟ್ರ್ಯಾಕ್ಟರ್‌ಗಳೂ ಇವೆ.

ಕಡಲತಡಿ

ಒಂದು ಬಿಟ್ಟುಹೋಯಿತು. ಚಕ್ರ. ಕಾಂಪಾನ್ಯೊಲೊ ಮ್ಯಾಗ್ನೀಸಿಯಂ ಚಕ್ರ ಇವು, ಐವತ್ತು ವರ್ಷ ದಾಟಿದವು. ಕರಾವಳಿಯ ಗಾಳಿಗೆ ಇಟ್ಟರಂತೂ ಬೇಗ ತಿನ್ನುತ್ತದೆ. ಬಣ್ಣ ಪೂರ್ತಿ ತೆಗೆದು ಡೈ ಪೆನಿಟ್ರೆಂಟ್ ಪರೀಕ್ಷೆ ಮಾಡಿಸಿ. ಕೆಂಪು ದ್ರವ ಹಚ್ಚಿ ಹದಿನೈದು ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಬಿರುಕು ಇದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಕಡ್ಡಿಗಳು ನಡುವಿನ ಗುಂಭಕ್ಕೆ ಸೇರುವ ಮೂಲೆಯನ್ನು ವಿಶೇಷವಾಗಿ ನೋಡಿ.

ಹಳೇ ಗ್ಯಾರೇಜು

ಬಣ್ಣ ತೆಗೆಯಲು ಉಕ್ಕಿನ ಕಣದಿಂದ ಬ್ಲಾಸ್ಟ್ ಮಾಡಿಸಬೇಡಿ ಅನ್ನುವುದನ್ನೂ ಸೇರಿಸಿಕೊಳ್ಳಿ. ಕಣ ಹುದುಗಿ ಕೂತು ಅಲ್ಲಿಂದಲೇ ಮತ್ತೆ ತಿನ್ನುತ್ತದೆ. ರಾಸಾಯನಿಕದಿಂದ ತೆಗೆಸಿ, ಕೂಡಲೇ ರಕ್ಷಕ ಲೇಪ ಹಾಕಿಸಿ. ಮ್ಯಾಗ್ನೀಸಿಯಂ ಉಜ್ಜಿದ ಪುಡಿಗೆ ಬೆಂಕಿ ತಾಗಿದರೆ ನೀರು ಹಾಕಬಾರದು, ಒಣ ಮರಳು ಹಾಕಬೇಕು. ಬಿರುಕು ಬಿಟ್ಟ ಚಕ್ರಕ್ಕೆ ಬೆಸುಗೆ ಹಾಕಿಸುವ ಯೋಚನೆಯೇ ಬೇಡ. ಪ್ರದರ್ಶನಕ್ಕೆ ಹಳೆಯದು ಇರಲಿ, ಓಡಿಸಲು ಅದೇ ಅಳತೆಯ ಅಲ್ಯೂಮಿನಿಯಂ ಚಕ್ರ ಮಾಡಿಸಿಟ್ಟುಕೊಳ್ಳಿ.

ಗೇರುಬೀಜ

ಅಂಥ ಚಕ್ರ ಹಾಕಿದರೆ ವಿಂಟೇಜ್ ನೋಂದಣಿಗೆ ಅಡ್ಡಿ ಬರುತ್ತದೆಯೇ ಕಾಗದಪತ್ರ ಅವರೇ?

ಕಾಗದಪತ್ರ

ನಿಯಮ ಕೇಳುವುದು ಷಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂದು. ಆದರೂ ತಪಾಸಣೆಯ ದಿನ ಮೂಲ ಚಕ್ರದಲ್ಲೇ ನಿಲ್ಲಿಸಿ, ಫೋಟೊ ಅದರಲ್ಲೇ ತೆಗೆಸಿ. ಟ್ರಕ್ಕಿನಲ್ಲಿ ಒಯ್ಯಿರಿ, ಆ ಚಕ್ರದಲ್ಲಿ ಆರ್‌ಟಿಒ ತನಕ ಓಡಿಸಬೇಡಿ.